ದವಾಖಾನೆಯಲ್ಲಿ ರೋಗಿಯ ಮಾನ

ಅಖಿಲ ಭಾರತಕ್ಕೆ ಅನ್ವಯಿಸುವಂತೆ ವೈದ್ಯವಿದ್ಯಾರ್ಥಿಗಳಿಗಾಗಿ 2019ರಲ್ಲಿ ಹೊಸ ಪಠ್ಯಕ್ರಮವೊಂದು ಜಾರಿಗೆ ಬಂದಾಗ, ಅದರ ಮೊದಲ ತಿಂಗಳ ಪೂರ್ವಶಿಕ್ಷಣದಲ್ಲಿ ಸ್ಥಳೀಯ ಭಾಷೆಯ ಅಭ್ಯಾಸಕ್ಕೂ ಎಡೆ ದೊರೆಯಿತು. ಇದಕ್ಕಾಗಿ ಅದನ್ನು ರಚಿಸಿದವರನ್ನು ನಾವು ಮನಃಪೂರ್ವಕವಾಗಿ ಅಭಿನಂದಿಸುತ್ತೇವೆ. ಆದರೆ ಆ ಎಡೆ ಎಷ್ಟು ಅಗಲವಾದುದೆಂಬುದನ್ನೂ ನಮ್ಮ ವಾಚಕರು ತಿಳಿದಿರುವುದು ಲೇಸು. ಭಾಷೆಗೂ ಗಣಕಯಂತ್ರದ ಪರಿಚಯಕ್ಕೂ ಒಟ್ಟಾಗಿ 40 ಗಂಟೆಗಳು! ಕರ್ನಾಟಕದ ಸರಕಾರಿ ವೈದ್ಯವಿದ್ಯಾಲಯಗಳಲ್ಲಿ ಮೊದಲ ಪದವಿಯ ನೂರಕ್ಕೆ 15 ಸ್ಥಾನಗಳೂ ಸ್ನಾತಕೋತ್ತರ ಪದವಿಯ ನೂರಕ್ಕೆ 50 ಸ್ಥಾನಗಳೂ ಅಖಿಲ ಭಾರತದ ಪಾಲಿಗೆ ಸೇರಿವೆ. ರಾಜಸ್ಥಾನದಿಂದಲೋ ಬಂಗಾಲದಿಂದಲೋ ಬಂದ ತರುಣನು ಈ 40 ಗಂಟೆಗಳಲ್ಲಿ ಯಂತ್ರವನ್ನೂ ಅರಿತು, ಕನ್ನಡವನ್ನೂ ಕಲಿತು, ಯಲ್ಲಾಪುರದ ಕಾಡಿನಿಂದ ಬಂದ ಸಿದ್ದಿಯ, ವಿಜಾಪುರದ ತಾಂಡೆಯಿಂದ ಬಂದ ಲಂಬಾಣಿ ಮುದುಕಿಯ ನೋವನ್ನು ತಿಳಿದುಕೊಳ್ಳಬೇಕು. ತರುಣನ ದೋಷ ಇದರಲ್ಲೇನೂ ಇಲ್ಲ. ಭಾಷೆಯನ್ನು ಸೌಜನ್ಯದ ಅಲಂಕಾರವೆಂದು ತಿಳಿದವರು ಅದಕ್ಕೆ ಕೊಡುವ ಕಾಲಾವಕಾಶವೇ ಇಷ್ಟು.

ನಮ್ಮ ಅಭಿಪ್ರಾಯವು ಇದಕ್ಕೆ ತೀರ ಬೇರೆಯಾದುದು. ರೋಗಿಯ ನುಡಿ, ಊಟ, ಉಡುಗೆ, ಲಜ್ಜೆ, ನಂಬಿಕೆ ಇವುಗಳನ್ನು ಅರಿತು ನಡೆಯುವುದನ್ನು ನಾವು ಚಿಕಿತ್ಸೆಯ ಒಂದು ಅಂಗವೆಂದೇ ಎಣಿಸುತ್ತೇವೆ. ಈ ಅಂಗವು ಊನವಾದಲ್ಲಿ ಔಷಧವು ಎಷ್ಟೇ ಉತ್ತಮವಾದುದಾದರೂ ಅದು ರೋಗಿಯ ಹೊಟ್ಟೆಯನ್ನು ಸೇರುವುದಿಲ್ಲ. ಮತ್ತು ರೋಗಿಯೂ ದವಾಖಾನೆಯೂ ಒಬ್ಬರಿಗೊಬ್ಬರು ಒಗ್ಗದೆ ಹೋದಾಗ, ಮೊದಲು ಬಗ್ಗಬೇಕಾದುದು ಬಲವುಳ್ಳ ದವಾಖಾನೆಯೇ ಹೊರತು ನೋವಿನಿಂದ ಆಗಲೇ ಬಗ್ಗಿರುವ ರೋಗಿಯಲ್ಲ.

ಈ ಪಾಠವನ್ನು ನಮ್ಮ ದೇಶವು ಒಮ್ಮೆ ಬಹಳ ದುಬಾರಿಯ ಬೆಲೆ ತೆತ್ತು ಕಲಿತಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಆ ವರ್ಷದ ಅಕ್ಟೋಬರದಲ್ಲಿಯೇ ಗಿರಣಿಯ ಕೂಲಿಗಾರರು ಆರ್ಥರ್ ರಸ್ತೆಯ ದವಾಖಾನೆಯ ಮೇಲೆ ಕಲ್ಲು ತೂರಿ ನುಗ್ಗಿದರು. ಅಲ್ಲಿಗೆ ಎಳೆದೊಯ್ದವರು ತಿರುಗಿ ಬರುವುದಿಲ್ಲವೆಂಬ ಭಯವು ಜನರಲ್ಲಿ ಹಬ್ಬಿತ್ತು. 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯು ಹುಟ್ಟಿತು. ಪುಣೆಯಲ್ಲಿ ರ್‍ಯಾಂಡ್ ಸಾಹೇಬನ ಅಧೀನದಲ್ಲಿ ಗೋರಾ ಸೋಜರರು ಮನೆ ಮನೆ ಹೊಕ್ಕರು. ಅಡಿಗೆಯ ಮನೆಯೆನ್ನಲಿಲ್ಲ, ದೇವರ ಮನೆಯೆನ್ನಲಿಲ್ಲ. ಗಂಟಲು, ಕಂಕುಳು, ತೊಡೆಯ ಸಂದಿಗಳಲ್ಲಿ ಗಡ್ಡೆ ಎದ್ದಿದೆಯೇ ಎಂದು ನೋಡುವ ನೆಪದಲ್ಲಿ ಹೆಂಗಸರ ಮಾನಕ್ಕೆ ಕೈ ಹಾಕಿದರೆಂದು ಊರಿಗೆ ಊರೇ ಕುದಿಯಿತು. ಜೂನ್ 22ರ ರಾತ್ರಿ ಗಣೇಶಖಿಂಡಿಯ ದಾರಿಯಲ್ಲಿ ಚಾಪೇಕರ ಸಹೋದರರ ಗುಂಡಿಗೆ ರ್‍ಯಾಂಡನೂ ಆತನೊಡನಿದ್ದ ಆಯರ್ಸ್ಟನೂ ಬಲಿಯಾದುದು, ಲೋಕಮಾನ್ಯ ತಿಲಕರು ಆ ವರ್ಷ 18 ತಿಂಗಳ ಸೆರೆಮನೆಯ ಶಿಕ್ಷೆಗೆ ಗುರಿಯಾದುದು, ಇವೆಲ್ಲ ನಮ್ಮ ವಾಚಕರು ಬಲ್ಲ ಇತಿಹಾಸವೇ ಸರಿ.

ಆದರೆ ಆ ಇತಿಹಾಸವನ್ನು ನಾವು ಸಾಮಾನ್ಯವಾಗಿ ರಾಜಕಾರಣದ ಕಣ್ಣಿನಿಂದಲೇ ಓದುತ್ತೇವೆ. ವೈದ್ಯದ ಕಣ್ಣಿನಿಂದ ಓದಿದರೆ ಅದರಲ್ಲಿ ಬೇರೆಯೇ ಒಂದು ಸಂಗತಿಯುಂಟು. ರೋಗಿಯನ್ನು ಪ್ರತ್ಯೇಕವಾಗಿಡುವುದು, ಸೋಂಕಿದ ಮನೆಯನ್ನು ಬಿಡಿಸುವುದು, ಇವು ಅಂದಿನ ಶಾಸ್ತ್ರಜ್ಞಾನಕ್ಕೆ ಒಪ್ಪುವ ಕ್ರಮಗಳೇ ಆಗಿದ್ದುವು. ಆದರೂ ಅವು ಕೆಟ್ಟುವು, ಏಕೆಂದರೆ ಜನರು ಹೆಣಗಳನ್ನು ಬಚ್ಚಿಟ್ಟರು, ಜ್ವರ ಬಂದವರನ್ನು ಅಟ್ಟದ ಮೇಲೆ ಅಡಗಿಸಿದರು, ರಾತ್ರೋರಾತ್ರಿ ಊರು ಬಿಟ್ಟು ಓಡಿ ರೋಗವನ್ನು ಹತ್ತು ಊರಿಗೆ ಹಂಚಿದರು. ಮರ್ಯಾದೆಗೆಟ್ಟ ಚಿಕಿತ್ಸೆಯು ರೋಗವನ್ನು ಓಡಿಸುವ ಬದಲು ರೋಗಿಯನ್ನು ಓಡಿಸಿತು. ಸರಕಾರವೇ ನೇಮಿಸಿದ ಪ್ಲೇಗು ಕಮಿಶನ್ನು ವಿಚಾರಣೆ ನಡೆಸಿದ ಮೇಲೆ ಬಲಾತ್ಕಾರದ ಕ್ರಮಗಳು ಸಡಿಲವಾಗಿ, ಜನರ ಒಪ್ಪಿಗೆಯನ್ನು ಪಡೆದು ನಡೆಯುವ ನೀತಿಯು ಬಂದಿತು. ಅಷ್ಟು ಹೊತ್ತಿಗೆ ಲಕ್ಷಾಂತರ ಜನರು ಮಡಿದಿದ್ದರು.

ಅದೇ ಕಾಲದಲ್ಲಿ ಬೇರೆ ಬಗೆಯಾಗಿ ನಡೆದವರೂ ಇದ್ದರು. ಪುಣೆಯ ಹತ್ತಿರದ ಹಡಪಸರದಲ್ಲಿ ತಮ್ಮ ಮಗನು ತೆರೆದ ಚಿಕಿತ್ಸಾಲಯದಲ್ಲಿ ದುಡಿಯುತ್ತ ಸಾವಿತ್ರಿಬಾಯಿ ಫುಲೆಯವರು ಅದೇ ಪ್ಲೇಗು ತಗುಲಿ 1897ರ ಮಾರ್ಚಿ 10ರಂದು ದೇಹವಿಟ್ಟರು. ಮುಂಬಯಿಯಲ್ಲಿ ಪಾರಸಿ, ಮುಸಲ್ಮಾನ, ಜೈನ ಮೊದಲಾದ ಸಮಾಜದವರು ತಮ್ಮ ತಮ್ಮ ಜನರಿಗಾಗಿ ಪ್ಲೇಗಿನ ದವಾಖಾನೆಗಳನ್ನು ತೆರೆದಾಗ, ಸರಕಾರಿ ದವಾಖಾನೆಯ ಹೆಸರು ಹೇಳಿದರೆ ನಡುಗುತ್ತಿದ್ದವರು ಅಲ್ಲಿಗೆ ಬಂದರು. ಹಾಫ್ಕಿನ್ ಮಹಾಶಯರು ಪ್ಲೇಗಿನ ಲಸಿಕೆಯನ್ನು 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ತರುಣ ಆಗಾ ಖಾನರು ತಮ್ಮ ಅನುಯಾಯಿಗಳ ಕಣ್ಣೆದುರಿನಲ್ಲಿ ಅದನ್ನು ಹಾಕಿಸಿಕೊಂಡು ಅವರ ಅಂಜಿಕೆಯನ್ನು ಕಳೆದರು. ನಮ್ಮ ಹುಬ್ಬಳ್ಳಿಯೂ ಈ ಇತಿಹಾಸದಲ್ಲಿ ಹೆಸರು ಪಡೆದ ಊರು. 1898ರಲ್ಲಿ ಇಲ್ಲಿ ಸಾವಿರ ಸಾವಿರ ಜನರು ಲಸಿಕೆ ಹಾಕಿಸಿಕೊಂಡರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಅದು ನಡೆದ ಊರುಗಳು ಅಂದು ಹೆಚ್ಚಾಗಿರಲಿಲ್ಲ. ಒತ್ತಾಯದ ಸೋಂಕೇ ಇರಲಿಲ್ಲವೆಂದು ನಾವು ಹೇಳಲಾರೆವು. ಆದರೂ ಪುಣೆಯ ದಾರಿಯೊಂದೇ ದಾರಿಯಾಗಿರಲಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಇಂದು ನಮ್ಮ ದವಾಖಾನೆಗಳಲ್ಲಿ ಸೋಜರರಿಲ್ಲ. ವೈದ್ಯರು ನಮ್ಮವರು, ಸರಕಾರ ನಮ್ಮದು. ಹಾಗಿದ್ದರೂ ಹಳ್ಳಿಯವನು ದವಾಖಾನೆಯ ಮೆಟ್ಟಿಲು ಹತ್ತುವಾಗ ಅಳುಕುವುದೇಕೆ? ಮೊದಲನೆಯ ಕಾರಣ ಮಾತು. ಮಾತಿನಲ್ಲಿಯೂ ಮೊದಲನೆಯದು ಸಂಬೋಧನೆ. ಇಪ್ಪತ್ತೈದು ವರ್ಷದ ತರುಣನು ಎಪ್ಪತ್ತು ವರ್ಷದ ಒಕ್ಕಲಿಗನನ್ನು 'ಏನಾಗೇತಿ ನಿನಗ, ಬಾಯಿ ತೆಗಿ' ಎಂದು ಗದರುವುದನ್ನು ಯಾವ ದವಾಖಾನೆಯ ಪಡಸಾಲೆಯಲ್ಲಿಯಾದರೂ ನಿಂತು ಕೇಳಬಹುದು. ಆ ಒಕ್ಕಲಿಗನನ್ನು ಅವನ ಊರಿನಲ್ಲಿ ಏಕವಚನದಿಂದ ಕರೆಯುವವರು ಅವನ ಹಿರಿಯರು, ಅವರೂ ತೀರಿಹೋಗಿರುತ್ತಾರೆ. 'ಅಜ್ಜಾ' ಎಂದೋ 'ಯಜಮಾನ್ರ' ಎಂದೋ 'ಅವ್ವಾರ' ಎಂದೋ ಕರೆದರೆ ಖರ್ಚಾಗುವುದೇನು? ಮಂಚದ ನಂಬರಿನಿಂದ, ರೋಗದ ಹೆಸರಿನಿಂದ ಮನುಷ್ಯನನ್ನು ಕರೆಯುವ ರೂಢಿಯಂತೂ ಇನ್ನೂ ಹೀನವಾದುದು.

ಸಂಬೋಧನೆಯನ್ನು ದಾಟಿ ರೋಗದ ಮಾತಿಗೆ ಬಂದರೆ ತೊಡಕು ಇನ್ನೂ ಹೆಚ್ಚು. ನಮ್ಮ ಹೆಣ್ಣುಮಕ್ಕಳು 'ಬಿಳಿ ಸೆರಗು' ಎಂದರೆ ಅದು ಸೀರೆಯ ಮಾತಲ್ಲ, ಬಿಳಿಸ್ರಾವದ ಬಾಧೆ. 'ಸರ್ಪಸುತ್ತು' ಎಂದರೆ ಹಾವು ಕಚ್ಚಿದುದಲ್ಲ, ಮೈಮೇಲೆ ಪಟ್ಟಿಯಾಗಿ ಏಳುವ ಬೊಬ್ಬೆಗಳು. 'ಹೊರಗಾಗಿದ್ದೇನೆ' ಎಂದವಳು ಮನೆಯಿಂದ ಹೊರಬಿದ್ದವಳಲ್ಲ. 'ಅಮ್ಮ ಬಂದಾಳ' ಎಂದರೆ ತಾಯಿ ಊರಿನಿಂದ ಬಂದಿದ್ದಾಳೆಂದು ಅರ್ಥವಲ್ಲ, ಮಗುವಿಗೆ ಸಿಡುಬಿನ ಜಾತಿಯ ಗುಳ್ಳೆಗಳೆದ್ದಿವೆ. ಆ ಮನೆಯಲ್ಲಿ ಬೇವಿನ ಸೊಪ್ಪು ಕಟ್ಟಿದ್ದಾರೆ, ಒಗ್ಗರಣೆ ಹಾಕುವುದಿಲ್ಲ, ಔಷಧದ ಮಾತೆತ್ತಿದರೆ ದೇವಿ ಮುನಿದಾಳೆಂದು ಅಂಜುತ್ತಾರೆ. ಇದನ್ನು ಅರಿತ ವೈದ್ಯನು ಬೇವನ್ನು ಕಿತ್ತೊಗೆಯದೆ, ಮಗುವಿಗೆ ನೀರು ಚೆನ್ನಾಗಿ ಕುಡಿಸಿರೆಂದೂ, ಉಸಿರು ಏರಿದರೆ ತಡೆಯದೆ ಕರೆತನ್ನಿರೆಂದೂ ಹೇಳಿ ಒಪ್ಪಿಸುತ್ತಾನೆ. ಅರಿಯದವನು ನಗುತ್ತಾನೆ. ನಗಿಸಿಕೊಂಡ ತಾಯಿಯು ಮುಂದಿನ ಸಲ ಬರುವುದಿಲ್ಲ. ಮನಸ್ಸಿನ ಬೇನೆಯಲ್ಲಿ ಇದು ಇನ್ನೂ ಸೂಕ್ಷ್ಮ. ದುಃಖದಿಂದ ಕುಸಿದ ಹೆಂಗಸು 'ನನಗೆ ದುಃಖವಾಗಿದೆ' ಎಂದು ಹೇಳುವುದು ಅಪರೂಪ. 'ಕೈಕಾಲು ಸೆಳೀತಾವ, ಎದಿ ಭಾರ ಆಗೇತಿ, ತಲಿಯೊಳಗ ಬಿಸಿ ಏರತದ' ಎನ್ನುತ್ತಾಳೆ. ಎದೆಯ ಪರೀಕ್ಷೆ, ತಲೆಯ ಚಿತ್ರ, ಮೂರು ಬಗೆಯ ಗುಳಿಗೆ ಇವುಗಳಲ್ಲಿ ದುಡ್ಡು ಹೋಗುತ್ತದೆ, ಬೇನೆ ಉಳಿಯುತ್ತದೆ.

ಇನ್ನು ವೈದ್ಯನಿಗೆ ತಿಳಿಯದ ಭಾಷೆಯ ರೋಗಿ ಬಂದಾಗ ದುಭಾಷಿಯ ಕೆಲಸ ಮಾಡುವವರು ಯಾರು? ಕಸಗುಡಿಸುವ ಆಯಾ, ಪಕ್ಕದ ಮಂಚದ ರೋಗಿ, ಅಥವಾ ರೋಗಿಯ ಹತ್ತು ವರ್ಷದ ಮಗ. ತಾಯಿಯ ಗರ್ಭಾಶಯದ ಸಂಗತಿಯನ್ನು ಮಗನ ಬಾಯಿಂದ ಕೇಳಿಸುವುದು ವೈದ್ಯವೂ ಅಲ್ಲ, ಸಭ್ಯತೆಯೂ ಅಲ್ಲ. ಆ ತಾಯಿ ಮುಖ್ಯವಾದ ಮಾತನ್ನು ನುಂಗಿಕೊಳ್ಳುತ್ತಾಳೆ. 2018ರಿಂದ ಈಚೆಗೆ ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದವಾಖಾನೆಗಳಲ್ಲಿ 'ಆರೋಗ್ಯಮಿತ್ರ'ರೆಂಬವರನ್ನು ಕೂಡಿಸಿದ್ದಾರೆ. ಅವರು ರೋಗಿಯ ಕಾರ್ಡನ್ನೂ ಕಾಗದಪತ್ರಗಳನ್ನೂ ನೋಡಿ ದಾರಿ ತೋರಿಸುತ್ತಾರೆ. ಉಪಯುಕ್ತವಾದ ಕೆಲಸವೇ. ಆದರೆ ಕಾರ್ಡನ್ನು ಓದುವವನಿಗೆ ಸಂಬಳ ಒದಗಿಸಿದ ಸರಕಾರಕ್ಕೆ ರೋಗಿಯ ಮಾತನ್ನು ಕೇಳಿ ತಿಳಿಸುವವನಿಗೆ ಸಂಬಳ ಒದಗಿಸುವುದು ಹೊಳೆಯಲಿಲ್ಲವೆಂಬುದು ಸೋಜಿಗ.

ದಾರಿ ಇಲ್ಲದಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಸುದರ್ಶನರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೋಲಿಗರ ನಡುವೆ ನೆಲೆಸಿದರು. ಅಲ್ಲಿ ಸೋಲಿಗರ ಹೆಣ್ಣುಮಕ್ಕಳನ್ನೇ ಆರಿಸಿ ದಾದಿಯರನ್ನಾಗಿ ತರಬೇತುಗೊಳಿಸಿದ ಕೆಲಸವನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ. ತಮ್ಮ ಪೋಡಿನ ಮಗಳೇ ಬಂದು ಸೂಜಿ ಹಿಡಿದಾಗ ದುಭಾಷಿ ಬೇಡ. ಈ ವಿವೇಕವು ಈಗ ಹೆಚ್ಚಾಗಿ ಬೇಕಾಗಿರುವುದು ಕುಡುಗೋಲುಕಣ ರಕ್ತಹೀನತೆಯ ಕಾರ್ಯದಲ್ಲಿ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ, ಮುಖ್ಯವಾಗಿ ಆದಿವಾಸಿಗಳಲ್ಲಿ, 40 ವರ್ಷದೊಳಗಿನ ಏಳು ಕೋಟಿ ಜನರ ರಕ್ತವನ್ನು ಪರೀಕ್ಷಿಸುವ ಗುರಿಯಿಟ್ಟಿತು. ಪರೀಕ್ಷೆಯಾದವರಿಗೆ ಕಾರ್ಡು ಕೊಡುತ್ತಾರೆ. ಬೀಜರೂಪದ ದೋಷ ಇಬ್ಬರಲ್ಲಿಯೂ ಇದ್ದರೆ ಅವರ ಮಕ್ಕಳಿಗೆ ಅಪಾಯವುಂಟೆಂಬುದು ಶಾಸ್ತ್ರದ ಮಾತು, ನಿಜವಾದ ಮಾತು. ಆದರೆ ಹಾಡಿಯಲ್ಲಿ ಆ ಕಾರ್ಡು 'ಇವಳ ರಕ್ತ ಕೆಟ್ಟದ್ದು' ಎಂಬ ಮುದ್ರೆಯಾದರೆ ಮದುವೆಗೆ ನಿಂತ ಹುಡುಗಿಯ ಗತಿಯೇನು? ದೋಷವು ಬರಿಯ ವಾಹಕರೂಪದಲ್ಲಿದ್ದವನು ರೋಗಿಯಲ್ಲವೆಂಬುದನ್ನು ಅವರ ನುಡಿಯಲ್ಲಿ, ಅವರ ಹಿರಿಯರ ಸಮ್ಮುಖದಲ್ಲಿ, ಬೇಸರವಿಲ್ಲದೆ ಹತ್ತು ಸಲ ತಿಳಿಸಿ ಹೇಳುವವರಿಲ್ಲದೆ ಆ ಕಾರ್ಡನ್ನು ಹಂಚಬಾರದು.

ಹೆರಿಗೆಯ ವಿಷಯ ನೋಡಿರಿ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ ಭಾರತದಲ್ಲಿ ನೂರಕ್ಕೆ 39 ಹೆರಿಗೆಗಳು ಮಾತ್ರ ದವಾಖಾನೆಗಳಲ್ಲಿ ಆಗುತ್ತಿದ್ದುವು. 2019-21ರ ಸಮೀಕ್ಷೆಯಲ್ಲಿ ಅದು ನೂರಕ್ಕೆ 89ಕ್ಕೆ ಏರಿತು, ಕರ್ನಾಟಕದಲ್ಲಿ 97ಕ್ಕೆ. ಅಭಿಮಾನಪಡತಕ್ಕ ಸಂಗತಿ. ಇದಕ್ಕಾಗಿ ಬಿಸಿಲಲ್ಲಿ ಅಲೆದ ಆಶಾ ಕಾರ್ಯಕರ್ತೆಯರಿಗೆ ದೇಶವು ಋಣಿ. ಆದರೆ ಮನೆಯಲ್ಲಿ ಹೆರುವಾಗ ಅವಳ ಬೆನ್ನ ಹಿಂದೆ ತಾಯಿಯೋ ಸೂಲಗಿತ್ತಿಯೋ ಕೂತಿರುತ್ತಿದ್ದಳು; ಅವಳು ಕುಕ್ಕುರುಗಾಲಲ್ಲಿ ಕೂಡಬಹುದಿತ್ತು, ಓಡಾಡಬಹುದಿತ್ತು, ಬಿಸಿನೀರು ಕುಡಿಯಬಹುದಿತ್ತು. ದವಾಖಾನೆಗೆ ಬಂದ ಕೂಡಲೆ ತಾಯಿಯನ್ನು ಬಾಗಿಲ ಹೊರಗೆ ನಿಲ್ಲಿಸಿ, ಇವಳನ್ನು ಅಂಗಾತ ಮಲಗಿಸಿ, ಕೂಗಿದರೆ ಬೈದು ಬಾಯಿ ಮುಚ್ಚಿಸುವುದು ಯಾವ ಶಾಸ್ತ್ರ? ಶಾಸ್ತ್ರವಂತೂ ಈಗ ಹಳ್ಳಿಯ ಮುದುಕಿಯ ಕಡೆಗೇ ವಾಲಿದೆ. ಹೆರುವವಳಿಗೆ ಅವಳು ಬಯಸಿದ ಸಂಗಾತಿ ಜತೆಗಿರಲಿ, ಅವಳಿಗೆ ಹಿತವಾದ ಭಂಗಿಯಲ್ಲಿ ಹೆರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸ್ಪಷ್ಟವಾಗಿ ಹೇಳಿತು. ಹೆರಿಗೆಯ ಕೋಣೆಗಳ ಸುಧಾರಣೆಗಾಗಿ ಭಾರತ ಸರಕಾರವು 2017ರಲ್ಲಿ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮವೂ ಮರ್ಯಾದೆಯ ಹೆರಿಗೆಯನ್ನು ತನ್ನ ಗುರಿಗಳಲ್ಲಿ ಸೇರಿಸಿತು. ಕಾಗದದ ಮೇಲಿನ ಮರ್ಯಾದೆಯು ಕೋಣೆಯೊಳಕ್ಕೆ ಹೋಗಬೇಕಾದರೆ ಅಲ್ಲಿ ಒಂದು ಪರದೆಯಾದರೂ ಇರಬೇಕು, ಮಂಚಕ್ಕೊಬ್ಬರಂತೆ ದಾದಿಯರಲ್ಲದಿದ್ದರೂ ಮೂರು ಮಂಚಕ್ಕೊಬ್ಬರಾದರೂ ಇರಬೇಕು. ಹತ್ತು ಜನರ ಕೆಲಸವನ್ನು ಇಬ್ಬರಿಗೆ ಹೊರಿಸಿ ಅವರಿಂದ ಮೃದುವಚನವನ್ನು ನಿರೀಕ್ಷಿಸುವುದು ನ್ಯಾಯವಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಊಟದ ಮಾತು ಚಿಕ್ಕದೆಂದು ಕೆಲವರು ತಿಳಿಯುತ್ತಾರೆ. ಮಧುಮೇಹದ ರೋಗಿಗೆ ಕೊಡುವ ಪಥ್ಯದ ಪಟ್ಟಿಯಲ್ಲಿ ಓಟ್ಸು, ಕಂದು ಬ್ರೆಡ್ಡು ಎಂದು ಬರೆದಿದ್ದರೆ ಜೋಳದ ರೊಟ್ಟಿ, ಪುಂಡಿಪಲ್ಲೆ ಉಣ್ಣುವವನು ಅದನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು ಹೋಗುತ್ತಾನೆ. ರೊಟ್ಟಿ ಎಷ್ಟು, ಅನ್ನ ಎಷ್ಟು ಎಂದು ಹೇಳಿದ್ದರೆ ಕೇಳುತ್ತಿದ್ದ. ಉಪವಾಸದ ಸಂಗತಿ ಇನ್ನೂ ಗಂಭೀರ. 13 ದೇಶಗಳಲ್ಲಿ 2001ರಲ್ಲಿ ನಡೆದ ಒಂದು ಅಧ್ಯಯನದಂತೆ, ಎರಡನೆಯ ಬಗೆಯ ಮಧುಮೇಹವುಳ್ಳ ಮುಸಲ್ಮಾನರಲ್ಲಿ ನೂರಕ್ಕೆ ಸುಮಾರು 79 ಜನರು ರಮಜಾನಿನಲ್ಲಿ ಕನಿಷ್ಠ ಹದಿನೈದು ದಿನ ಉಪವಾಸವಿದ್ದರು. 'ಉಪವಾಸ ಮಾಡಬೇಡ' ಎಂದು ಬರೆದುಕೊಟ್ಟು ಕೈತೊಳೆದುಕೊಂಡ ವೈದ್ಯನ ರೋಗಿಯು ಅವನಿಗೆ ತಿಳಿಸದೆಯೇ ಉಪವಾಸ ಮಾಡುತ್ತಾನೆ, ಹಳೆಯ ಲೆಕ್ಕದಲ್ಲಿಯೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ, ಮಧ್ಯಾಹ್ನ ರಕ್ತದ ಸಕ್ಕರೆ ಇಳಿದು ಬೀಳುತ್ತಾನೆ. ಎರಡು ತಿಂಗಳು ಮುಂಚಿತವಾಗಿಯೇ 'ಈ ಸಲ ರೋಜಾ ಹಿಡಿಯುತ್ತೀರಾ, ಸಾಹೇಬರೇ?' ಎಂದು ಕೇಳುವ ವೈದ್ಯನು ಸಹರಿಗೂ ಇಫ್ತಾರಿಗೂ ತಕ್ಕಂತೆ ಔಷಧದ ಪ್ರಮಾಣವನ್ನು ತಿದ್ದಬಲ್ಲನು. ತೀರ ಅಪಾಯವಿದ್ದವರಿಗೆ ಬೇಡವೆಂದು ಕಾರಣಸಹಿತ ಹೇಳಬಲ್ಲನು. ಕಾಯಿಲೆಯವರಿಗೆ ಅವರ ಧರ್ಮವೇ ವಿನಾಯಿತಿ ಕೊಟ್ಟಿದೆಯೆಂದು ನೆನಪಿಸಬಲ್ಲನು. ಏಕಾದಶಿಗೂ ನವರಾತ್ರಿಗೂ ಜೈನರ ವ್ರತಗಳಿಗೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ಜನರ ಪದ್ಧತಿಯೆಲ್ಲವೂ ಪೂಜ್ಯವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಹಸುಗೂಸಿನ ಹೊಟ್ಟೆಗೆ ಬರೆ ಹಾಕುವುದನ್ನು ನಾವು ಖಂಡಿಸುತ್ತೇವೆ. 2023ರ ಜುಲೈಯಲ್ಲಿ ತುಮಕೂರಿನ ಬಳಿಯ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಹೆಸರಿನಿಂದ ಊರ ಹೊರಗಿನ ಗುಡಿಸಲಿನಲ್ಲಿಟ್ಟ ಬಾಣಂತಿಯ ಕೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ಇದನ್ನು ಸಂಸ್ಕೃತಿಯೆಂದು ಕರೆದು ಸುಮ್ಮನಿರುವವನು ಆ ಕೂಸಿನ ವೈರಿ. 2001ರ ಆಗಸ್ಟ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ಖಾಸಗಿಯವರು ನಡೆಸುತ್ತಿದ್ದ ವಸತಿಗೃಹದಲ್ಲಿ ಸರಪಳಿಯಿಂದ ಬಿಗಿಯಲ್ಪಟ್ಟ ಮಾನಸಿಕ ರೋಗಿಗಳು ಬೆಂಕಿಗೆ ಆಹುತಿಯಾದರು. ಸತ್ತವರು 28 ಜನ. ಆದರೆ ಅದೇ ತಮಿಳುನಾಡಿನ ಒಂದು ಸಣ್ಣ ದೇವಾಲಯದಲ್ಲಿ, ಸರಪಳಿಯಿಲ್ಲದೆ, ಬಂಧುಗಳ ಜತೆಯಲ್ಲಿ ಕೆಲವು ವಾರ ತಂಗಿದ್ದ 31 ರೋಗಿಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಪರೀಕ್ಷಿಸಿ, ಅವರ ರೋಗಲಕ್ಷಣಗಳು ನೂರಕ್ಕೆ ಸುಮಾರು 20ರಷ್ಟು ಇಳಿದುವೆಂದು 2002ರಲ್ಲಿ ಪ್ರಕಟಿಸಿದರು. ಎರಡನ್ನೂ ಮೌಢ್ಯವೆಂದು ಒಂದೇ ಕಂತೆಗೆ ಕಟ್ಟುವವನಿಗೂ, ಎರಡನ್ನೂ ಪರಂಪರೆಯೆಂದು ಕೈಮುಗಿಯುವವನಿಗೂ ಕಣ್ಣಿಲ್ಲ. ಗೊಲ್ಲರ ಹಟ್ಟಿಗೆ ಪೋಲೀಸರು ಹೋದ ದಿನ ಬಾಣಂತಿ ಮನೆಯೊಳಗೆ ಬರುತ್ತಾಳೆ. ಹಟ್ಟಿಯ ಹಿರಿಯರೇ ಒಪ್ಪಿದ ದಿನದಿಂದ ಮುಂದಿನ ಬಾಣಂತಿಯರೂ ಒಳಗಿರುತ್ತಾರೆ. ಕಾಯಿದೆ ಬೇಕು, ಆದರೆ ಕಾಯಿದೆಯ ಮುಂದೆ ನಡೆಯುವ ಮನುಷ್ಯನು ಅವರ ಅಂಗಳದಲ್ಲಿ ಕೂತು ಮಜ್ಜಿಗೆ ಕುಡಿಯಬಲ್ಲವನಾಗಿರಬೇಕು.

ಮರ್ಯಾದೆಯು ಒಂದೇ ಕಡೆಯಿಂದ ಹರಿಯತಕ್ಕದ್ದಲ್ಲ. ಮಲೆಯಾಳದಿಂದ ಬಂದ ದಾದಿಯರು ನಮ್ಮಲ್ಲಿ ತಿಂಗಳೊಪ್ಪತ್ತಿನಲ್ಲಿ ಕನ್ನಡ ಕಲಿತು 'ಅಜ್ಜಿ, ಗುಳಿಗಿ ತಗೊಂಡ್ರಿ?' ಎಂದು ಕೇಳುತ್ತಾರೆ. ಹತ್ತು ವರ್ಷ ಇಲ್ಲಿದ್ದೂ ಕಲಿಯದ ಕೆಲವು ತಜ್ಞರು ಅವರನ್ನು ನೋಡಿಯಾದರೂ ನಾಚಲಿ. ಅಂಥ ದಾದಿಯ ಜಾತಿ ಕೇಳಿ ಅವಳ ಕೈಯ ನೀರು ಬೇಡವೆನ್ನುವ ರೋಗಿಯೂ ಉಂಟು. ಅಲ್ಲಿ ದವಾಖಾನೆ ಬಗ್ಗಬಾರದು. 2020ರ ಮೇ ತಿಂಗಳಲ್ಲಿ, ಕೋವಿಡ್ಡಿನ ಉರಿಯಲ್ಲಿ, ಕಲಕತ್ತೆಯ ದವಾಖಾನೆಗಳಲ್ಲಿ ದುಡಿಯುತ್ತಿದ್ದ ಮಣಿಪುರದ ಅನೇಕ ದಾದಿಯರು ಕೆಲಸ ಬಿಟ್ಟು ತಮ್ಮ ಊರಿಗೆ ಮರಳಿದರು. ಮುಖಚರ್ಯೆಯನ್ನು ನೋಡಿ ಜನರು ಮಾಡುತ್ತಿದ್ದ ಅವಮಾನವೂ ಅದಕ್ಕೆ ಒಂದು ಕಾರಣವಾಗಿತ್ತು. ಕಲಕತ್ತೆಯವರನ್ನು ಮಾತ್ರ ದೂಷಿಸುವ ಅಧಿಕಾರ ನಮಗಿಲ್ಲ.

ಕನ್ನಡಕ್ಕಾಗಿ ಹೋರಾಡುವ ನಮ್ಮ ವಾಚಕರ ಮುಂದೆ ಕೊನೆಗೆ ಒಂದು ಕಠಿಣವಾದ ಮಾತನ್ನು ಇಡಬೇಕಾಗಿದೆ. ವಿಜಾಪುರ, ಬಾಗಲಕೋಟೆಗಳಿಂದ ಗೋವೆಗೆ ದುಡಿಯಲು ಹೋದ ನಮ್ಮ ಕೂಲಿಗಾರನು ಬಾಂಬೋಳಿಯ ದವಾಖಾನೆಯಲ್ಲಿ ಕನ್ನಡ ಬಲ್ಲವರನ್ನು ಹುಡುಕಿಕೊಂಡು ಅಲೆಯುವಾಗ ನಮಗೆ ಸಂಕಟವಾಗುತ್ತದೆ. ಹಾಗೆಯೇ ಬೆಂಗಳೂರಿನಲ್ಲಿ ಗಾರೆಯ ಕೆಲಸಕ್ಕೆ ಬಂದ ಓಡಿಶಾದವನು, ಬಿಹಾರದವನು, ಬಂಗಾಲದವನು ಮೆಟ್ಟಿಲಿನಿಂದ ಬಿದ್ದು ನಮ್ಮ ದವಾಖಾನೆಗೆ ಬಂದಾಗ, 'ಮೊದಲು ಕನ್ನಡ ಕಲಿತು ಬಾ' ಎನ್ನುವುದು ನಮಗೆ ಶೋಭಿಸದು. ವೈದ್ಯನು ಕನ್ನಡ ಕಲಿಯಲೇಬೇಕೆಂಬ ನಮ್ಮ ಆಗ್ರಹವು ಯಾವ ತತ್ತ್ವದ ಮೇಲೆ ನಿಂತಿದೆಯೋ, ಅದೇ ತತ್ತ್ವದ ಮೇಲೆ ಆ ಬಿಹಾರಿಯ ಹಕ್ಕೂ ನಿಂತಿದೆ. ವೈದ್ಯನಿಗೆ ಕಲಿಯಲು ವರ್ಷಗಳಿವೆ, ಮುರಿದ ಕಾಲಿನವನಿಗೆ ಒಂದು ಗಂಟೆಯೂ ಇಲ್ಲ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ, ರೋಗಿಗೆ ಅವನು ತಿಳಿಯುವ ಭಾಷೆಯಲ್ಲಿ ವಿಷಯ ಹೇಳಬೇಕೆಂದೂ, ಪುರುಷವೈದ್ಯನು ಹೆಂಗಸನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜತೆಗಿರಬೇಕೆಂದೂ ಇದೆ. ಪುಣೆಯವರು 1897ರಲ್ಲಿ ಬೇಡಿದ್ದೂ ಬಹುಮಟ್ಟಿಗೆ ಇದನ್ನೇ. ಹಕ್ಕುಪತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದಕ್ಕಿಂತ ಮೊದಲು ಪ್ರತಿ ಜಿಲ್ಲಾ ದವಾಖಾನೆಯಲ್ಲಿ ಹಗಲು ರಾತ್ರಿ ಸರದಿಯಂತೆ ದುಭಾಷಿಗಳಿರಲಿ. ಲಂಬಾಣಿ, ಉರ್ದು, ತೆಲುಗು, ಮರಾಠಿ, ಹಿಂದಿ, ಎಲ್ಲಿಗೆ ಯಾವುದು ಬೇಕೋ ಅದು. ತಾಂಡೆಗಳಲ್ಲಿಯೂ ಹಾಡಿಗಳಲ್ಲಿಯೂ ಹತ್ತನೆಯ ತರಗತಿ ದಾಟಿ ಕೆಲಸವಿಲ್ಲದೆ ಕೂತ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಆರು ತಿಂಗಳ ತರಬೇತು ಸಾಕು. ಮುಂಬರುವ ಆಯವ್ಯಯಪತ್ರದ ಚರ್ಚೆಯಲ್ಲಿ, ಹೊಸ ಕಟ್ಟಡಗಳೂ ಯಂತ್ರಗಳೂ ಎಷ್ಟೆಂದು ಮಂತ್ರಿಗಳು ಓದಿ ಮುಗಿಸಿದ ಮೇಲೆ, ಈ ಹುದ್ದೆಗಳು ಎಷ್ಟೆಂದು ನಮ್ಮ ಭಾಗದ ಶಾಸಕರು ಎದ್ದು ನಿಂತು ಕೇಳಲಿ.